ಚೀನೀ ಗುಡಿಯಲ್ಲಿ ಅಮ್ಮ ಬಾರಿಸಿದ ಗಂಟೆ

ಎಡಗಡೆಯ ಇಂಡಿಕೇಟರ್ ಹನ್ನೊಂದು ಮೈಲಿ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಬೋಲಿಂಗ್‌ಬ್ರೂಕ್ ದಾಟಿದ ಮೇಲೆ ಅಮ್ಮ ಒಂದು ಟ್ರಕ್ಕನ್ನು ಹಿಂದೆ ಹಾಕಲು ಲೇನ್ ಬದಲಿಸಿದ್ದಳು. ಸ್ಟಿಯರಿಂಗ್ ಸ್ವಲ್ಪವೇ ತಿರುಗಿದ್ದರಿಂದ ಅದು ತಾನಾಗಿ ನಿಂತಿರಲಿಲ್ಲ. ಒಂದು ಮೈಲಿ ಕಳೆದರೂ ಆರಿಸದಿದ್ದರೆ ಸದ್ದು ಜೋರಾಗುವಂತೆ ಆ ಕಾರಿನಲ್ಲಿ ಮಾಡಿದ್ದಾರೆ. ಅದು ಜೋರಾಯಿತು. ಅಮ್ಮ ಪಕ್ಕದ ಮನೆಯ ಚೀನೀ ಆಂಟಿ ಬೆಳೆಯುವ ಹಾಗಲಕಾಯಿಯ ವಿಷಯ ಹೇಳುತ್ತಲೇ ಇದ್ದಳು.

"ಮುಳ್ಳೇ ಇರಲ್ಲ ಕಣೆ ಅದಕ್ಕೆ. ನುಣ್ಣಗೆ. ಕಹಿನೂ ಇಲ್ಲ. ಹಾಗಲಕಾಯಿ ಅಂತ ಯಾಕೆ ಅನ್ಬೇಕು ಅದನ್ನ?"

ನಾನು ಮೈಲಿಗಲ್ಲುಗಳನ್ನು ಎಣಿಸುತ್ತಿದ್ದೆ. ಕೊನೆಗೆ ಶಿಕಾಗೊ ನಗರದ ಕಟ್ಟಡಗಳು ಕಾಣತೊಡಗಿದಾಗ, "ಅಮ್ಮಾ, ಇಂಡಿಕೇಟರ್" ಎಂದೆ.

"ಗೊತ್ತು. ಮುಂದೆ ತಿರುಗ್ಬೇಕಲ್ಲ" ಎಂದಳು. ನಾವು ತಿರುಗಬೇಕಾಗಿದ್ದುದು ಬಲಕ್ಕೆ.

ಕಾರಿನೊಳಗೆ ಯಾವ ಸದ್ದು ಎಷ್ಟು ಕೇಳಿಸಬೇಕು, ಯಾವುದು ಕೇಳಿಸಬಾರದು ಎಂದು ಅಳೆಯುವುದು ನನ್ನ ಕೆಲಸ. ಡೆಟ್ರಾಯಿಟ್ ಹೊರವಲಯದ ನೋವೈನಲ್ಲಿ, ಕಾರಿನ ಬಿಡಿಭಾಗ ತಯಾರಿಸುವ ಒಂದು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದೇನೆ. ಗೋಡೆಗೆಲ್ಲ ಸ್ಪಂಜು ಹೊದಿಸಿದ ಕೋಣೆಯಲ್ಲಿ ಮೈಕ್‌ಗಳನ್ನಿಟ್ಟು, ಗಾಜು ಇಳಿಯುವ ಸದ್ದು, ಸೀಟ್ ಬೆಲ್ಟ್ ಹಾಕಿಕೊಳ್ಳಿ ಎಂದು ಎಚ್ಚರಿಸುವ ಸದ್ದು, ಇಂಥವನ್ನು ದಿನವಿಡೀ ಕೇಳುತ್ತೇನೆ. ಹಾಗಾಗಿ ಅಮ್ಮನಿಗೆ ಯಾವ ಸದ್ದು ಕೇಳಿಸುತ್ತಿಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ಹಿಂದಿನ ವರ್ಷದ ದೀಪಾವಳಿಗೆ ಹೋಗಿದ್ದಾಗ ಮೈಕ್ರೋವೇವ್ ಮೂರು ಸಲ ಕೂಗಿ ಸುಮ್ಮನಾಯಿತು, ಅದರ ಎದುರೇ ನಿಂತಿದ್ದ ಅಮ್ಮ, "ಇನ್ನೂ ಆಗಿಲ್ವಾ ಇದು?" ಎಂದು ಕೇಳಿದಳು. ತಗ್ಗಿನ ಸ್ವರಗಳೆಲ್ಲ ಅವಳಿಗೆ ಚೆನ್ನಾಗಿ ಕೇಳಿಸುತ್ತಿದ್ದವು. ಸಣ್ಣ, ಚೂಪಾದ ಸದ್ದುಗಳು ಒಂದೊಂದಾಗಿ ಹೊರಟುಹೋಗಿದ್ದವು. ಅಪ್ಪ ಯಾವಾಗಲೋ ಜೋರಾಗಿ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ತಾವು ಹಾಗೆ ಮಾಡುತ್ತಿದ್ದೇವೆಂಬುದೂ ಅವರ ಗಮನಕ್ಕೆ ಬಂದಿರಲಿಲ್ಲ.

ನಾನು ಹೇಳಲಿಲ್ಲ. ಆಮೇಲೆ ಹೇಳೋಣ ಎಂದು ಒಂದು ವರ್ಷ ಕಳೆಯಿತು.

ಅಮ್ಮ ಶಿಕಾಗೊ ಹೊರವಲಯದ ನೇಪರ್‌ವಿಲ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಪ್ರತಿ ಶನಿವಾರ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಮೈಸೂರಿನಿಂದ ಇಲ್ಲಿಗೆ ಬಂದೆವು. ಮರುವರ್ಷವೇ ಮೂರು ಮಕ್ಕಳೊಂದಿಗೆ ಕ್ಲಾಸು ಶುರುವಾಯಿತು. ಒಂದು ಕಾಲಕ್ಕೆ ಇಪ್ಪತ್ತು ಜೋಡಿ ಶೂಗಳು ನಮ್ಮ ಬಾಗಿಲ ಬಳಿ ಇರುತ್ತಿದ್ದವು. ಈಗ ಏಳು. ಮಕ್ಕಳಿಗೆ ಸಾಕರ್ ಹೆಚ್ಚಾಯಿತು, ಶ್ರದ್ಧೆ ಕಡಿಮೆಯಾಯಿತು ಎಂದು ಅಮ್ಮ ಹೇಳುತ್ತಿದ್ದಳು. ನಿಜವಾದ ಕಾರಣವನ್ನು ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನ ಒಬ್ಬ ಡಾಕ್ಟರ್ ಆಂಟಿ ನನಗೆ ಫೋನ್ ಮಾಡಿ ಹೇಳಿದರು. ಅವರು ಹುಬ್ಬಳ್ಳಿ ಕಡೆಯವರು. ಒಂಬತ್ತು ವರ್ಷದ ಅವರ ಮಗಳು ಎರಡು ವರ್ಷದಿಂದ ಅಮ್ಮನ ಹತ್ತಿರ ಕಲಿಯುತ್ತಿದ್ದಳು.

"ನೋಡವಾ, ನಿಮ್ಮವ್ವನ ಮ್ಯಾಲೆ ನಮಗ ಭಾಳ ಗೌರವ ಐತಿ. ಆದ್ರ ಹುಡುಗಿ ಪ್ರತಿ ವಾರ ಅಳಕೋತ ಕಾರ್ ಹತ್ತತಾಳ. ಸರಿ ಹಾಡಿದ್ರೂ ಬೈಸ್ಕೋತಾಳ. ಅವರಿಗೆ ಕಿವಿ ಕೇಳಸವಲ್ದು ಅನಸ್ತತಿ. ನಾವ್ ಹೇಳಿದ್ರ ಛಂದ ಕಾಣಂಗಿಲ್ಲ. ನೀ ಮಗಳು, ನೀ ಹೇಳು."

ಇನ್ನೊಂದು ತಿಂಗಳು ನೋಡಿ ತಾವೂ ಮಗಳನ್ನು ಬಿಡಿಸುವುದಾಗಿ, ತಮ್ಮ ಹಿಂದೆ ಇನ್ನೂ ಇಬ್ಬರು ಹೋಗುವವರಿದ್ದಾರೆಂದು ಮೆಲ್ಲಗೆ ಸೇರಿಸಿದರು.

ಹೇಳಬೇಕೆಂದೇ ಆ ಶುಕ್ರವಾರ ನಾಲ್ಕೂವರೆ ಗಂಟೆ ಡ್ರೈವ್ ಮಾಡಿ ಬಂದೆ. ಶನಿವಾರ ಕ್ಲಾಸಿನ ಹೊತ್ತಿನಲ್ಲಿ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕುಳಿತೆ. ಆ ಹುಡುಗಿ ಹಾಡಿದಳು. ತೆಳ್ಳನೆಯ, ಆದರೆ ಶುದ್ಧವಾದ ದನಿ. ಅಮ್ಮ ಮೂರು ಸಲ ನಿಲ್ಲಿಸಿದಳು. "ಅಕ್ಷರ ನುಂಗ್ಬೇಡ. 'ಸ' ಎಲ್ಲಿ ಹೋಯ್ತು? 'ಶ' ಎಲ್ಲಿ ಹೋಯ್ತು? ಬಾಯಿ ಬಿಟ್ಟು ಹಾಡು." ಹುಡುಗಿ ಒಂದು ಅಕ್ಷರವನ್ನೂ ನುಂಗಿರಲಿಲ್ಲ; ಅಮ್ಮನಿಗೆ ಕೇಳಿಸದ ಚೂಪು ಸದ್ದುಗಳೇ ಅವು. ಕ್ಲಾಸು ಮುಗಿದ ಮೇಲೆ ಹೇಳಬೇಕೆಂದುಕೊಂಡೆ. ಅಮ್ಮ ಅನ್ನಕ್ಕಿಟ್ಟಳು, ಊಟ ಬಡಿಸಿದಳು, ಸಂಜೆ ನನ್ನ ಕೂದಲಿಗೆ ಎಣ್ಣೆ ಹಚ್ಚಿದಳು. ಪ್ರತಿಸಲವೂ ವಾಕ್ಯ ಸಿದ್ಧವಿತ್ತು. ನಾನು ಬಾಯಿ ತೆರೆಯಲಿಲ್ಲ.

ಮಾರನೆಯ ದಿನ ಭಾನುವಾರ, ಹುಣ್ಣಿಮೆ. ಚೀನೀ ಆಂಟಿ ಪ್ರತಿ ಹುಣ್ಣಿಮೆಗೆ ಶಿಕಾಗೊದ ಚೈನಾಟೌನಿನ ಒಂದು ಹಳೆಯ ಗುಡಿಗೆ ಅಡುಗೆ ಸೇವೆಗೆ ಹೋಗುತ್ತಾರೆ. ಅಲ್ಲಿಯ ಗಂಟೆ ಬಹಳ ಹೆಸರುವಾಸಿ, ಚೀನಾದಿಂದ ಹಡಗಿನಲ್ಲಿ ಬಂದದ್ದು, ನೀನು ಸಂಗೀತದವಳು, ಕೇಳಲೇಬೇಕು ಎಂದು ಅಮ್ಮನಿಗೆ ವರ್ಷದಿಂದ ಹೇಳುತ್ತಿದ್ದರಂತೆ. ಅಮ್ಮ ರೇಷ್ಮೆ ಸೀರೆ ಉಟ್ಟು, ಬಾಳೆಹಣ್ಣು, ಹೂವು, ಊದುಬತ್ತಿ ತೆಗೆದುಕೊಂಡು ಹೊರಟಳು. ಅದಕ್ಕೇ ಆ ಪ್ರಯಾಣ.

ಗಂಟೆಯ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದು ಲೆಕ್ಕಾಚಾರವೂ ಇತ್ತು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ದೊಡ್ಡ ಗಂಟೆಯ ಮುಂದೆ ನಿಂತರೆ, ನಮಗೆ ಕೇಳಿಸುವುದು ತನಗೆ ಕೇಳಿಸುತ್ತಿಲ್ಲವೆಂದು ಅಮ್ಮನಿಗೇ ತಿಳಿದೀತು. ನಾನು ಹೇಳಬೇಕಾದ ಮಾತನ್ನು ಗಂಟೆ ಹೇಳೀತು.

ಗುಡಿ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಬೇಕರಿಯೊಂದರ ಪಕ್ಕದ ಮೂರು ಮಹಡಿಯ ಇಟ್ಟಿಗೆ ಕಟ್ಟಡ, ಕೆಂಪು ಬಣ್ಣದ ಬಾಗಿಲು. ಒಳಗೆ ಕಾಲಿಟ್ಟರೆ ಮೊದಲ ಕೋಣೆಯಲ್ಲೇ ಆ ಗಂಟೆ. ದಪ್ಪ ಮರದ ಚೌಕಟ್ಟಿನಿಂದ ತೂಗುತ್ತಿತ್ತು. ನನ್ನ ಸೊಂಟದಷ್ಟು ಎತ್ತರ, ಹಸಿರುಗಟ್ಟಿದ ಕಂಚು, ಮೈತುಂಬ ಅಕ್ಷರಗಳು. ಅದನ್ನು ಮಾಡಿಸಲು ಕೈಲಾದದ್ದು ಕೊಟ್ಟ ಊರಿನವರ ಹೆಸರುಗಳಂತೆ. ಒಳಗೆ ನಾಲಿಗೆ ಇರಲಿಲ್ಲ. ಪಕ್ಕದಲ್ಲಿ ಎರಡು ಹಗ್ಗಗಳಿಂದ ಒಂದು ಮರದ ದಿಮ್ಮಿ ಅಡ್ಡಲಾಗಿ ತೂಗುತ್ತಿತ್ತು.

ನಾನು ಬೂಟಿನ ಲೇಸು ಬಿಚ್ಚುತ್ತಿದ್ದೆ. ಅಮ್ಮ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ನಮ್ಮೂರ ಯಾವುದೇ ದೇವಸ್ಥಾನಕ್ಕೆ ಹೋದರೂ ಮಾಡುವಂತೆ ನೇರವಾಗಿ ಗಂಟೆಯ ಹತ್ತಿರ ಹೋದಳು. ದೇವರಿಗೆ ಬಂದೆ ಎಂದು ತಿಳಿಸದೆ ಒಳಗೆ ಹೋಗುವುದುಂಟೇ? ನಾನು ತಲೆ ಎತ್ತುವಷ್ಟರಲ್ಲಿ ದಿಮ್ಮಿಯನ್ನು ಎರಡೂ ಕೈಯಿಂದ ಹಿಂದಕ್ಕೆಳೆದು ಬಿಟ್ಟಳು.

ಅಂಥ ಸದ್ದನ್ನು ನಾನು ಕಟ್ಟಡದೊಳಗೆ ಕೇಳಿರಲಿಲ್ಲ. ನೆಲ ನಡುಗಿತು. ಮಹಡಿಯ ಮೇಲೆ ಕುರ್ಚಿಗಳು ಜರುಗಿದವು, ಹಿಂದಿನ ಅಡುಗೆಮನೆಯಿಂದ ಹಿಟ್ಟು ಮೆತ್ತಿದ ಕೈಗಳಲ್ಲಿ ಐದಾರು ಮುದುಕಿಯರು ಓಡಿಬಂದರು. ಅವರಲ್ಲಿ ನಮ್ಮ ಆಂಟಿಯೂ ಇದ್ದರು. ಅಮ್ಮನನ್ನು ನೋಡಿ ಅವರು ಬಾಯಿಗೆ ಹಿಟ್ಟಿನ ಕೈ ಅಡ್ಡ ಹಿಡಿದು ನಗತೊಡಗಿದರು.

"ಏನಾಯ್ತೇ? ಯಾಕೆ ಎಲ್ಲಾ ಓಡಿಬಂದ್ರು?" ಎಂದಳು ಅಮ್ಮ.

"ಇಲ್ಲಿ ಎಲ್ಲರೂ ಬಾರಿಸೋ ಹಾಗಿಲ್ಲ ಅನ್ಸುತ್ತಮ್ಮ. ಪೂಜೆ ಶುರುವಾಯ್ತು ಅಂತ ಬಂದಿದಾರೆ."

"ಗಂಟೆ ಬಾರಿಸ್ದೆ ಒಳಗೆ ಹೋಗ್ತಾರಾ? ಒಳ್ಳೆ ಕತೆ."

ಗಂಟೆಯ ಉಸ್ತುವಾರಿ ನೋಡುವ ಮುದುಕರು ಮೆಟ್ಟಿಲಿಳಿದು ಬಂದರು. ಬಿಳಿಯ ಗಡ್ಡ, ಕಂದು ನಿಲುವಂಗಿ, ಕಾಲಲ್ಲಿ ಓಟದ ಶೂ. ಬೈಯುತ್ತಾರೆಂದುಕೊಂಡೆ. ಅವರು ಅಮ್ಮನ ಎದುರು ನಿಂತು ಕೈಜೋಡಿಸಿ, ಚೀನೀ ಭಾಷೆಯಲ್ಲಿ ಏನೋ ಹೇಳಿದರು. ಆಂಟಿ ನನಗೆ ಇಂಗ್ಲಿಷಿನಲ್ಲಿ ತಿಳಿಸಿದರು: ಬಾರಿಸಿದವರು ಸದ್ದು ಪೂರ್ತಿ ಮುಗಿಯುವವರೆಗೆ ಕೈಮುಗಿದು ನಿಲ್ಲಬೇಕು, ನಡುವೆ ಬಿಟ್ಟು ಹೋಗುವಂತಿಲ್ಲ. ನಾನು ಅಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಕೈಮುಗಿದು ಕಣ್ಣು ಮುಚ್ಚಿದಳು. ಮುದುಕಿಯರೂ ಕೈಮುಗಿದು ನಿಂತರು.

ಸದ್ದು ಏರುತ್ತ ಇಳಿಯುತ್ತ, ದೊಡ್ಡದೊಂದು ಪ್ರಾಣಿ ಉಸಿರಾಡುವಂತೆ ತೆಳುವಾಗುತ್ತ ಹೋಯಿತು. ನಾನು ಅಭ್ಯಾಸಬಲದಿಂದ ಸೆಕೆಂಡು ಎಣಿಸುತ್ತಿದ್ದೆ. ಎಪ್ಪತ್ತಕ್ಕೆ ನನಗೆ ಏನೂ ಕೇಳಿಸಲಿಲ್ಲ. ಮುದುಕಿಯರು ಕೈ ಇಳಿಸಿದರು. ಅಮ್ಮ ಇಳಿಸಲಿಲ್ಲ. ಎಂಬತ್ತು. ಆಗಲೂ ಇಳಿಸಲಿಲ್ಲ. ಒಬ್ಬರು ನಕ್ಕರು. ಮುದುಕರು ಹತ್ತಿರ ಹೋಗಿ ಗಂಟೆಯ ಅಂಚಿಗೆ ಒಂದು ಬೆರಳು ತಾಗಿಸಿ, ನಗುತ್ತಿದ್ದವರ ಕಡೆ ತಿರುಗಿ ತಲೆಯಾಡಿಸಿದರು: ಇನ್ನೂ ಇದೆ. ತೊಂಬತ್ತೈದಕ್ಕೆ ಅಮ್ಮ ಕಣ್ಣು ಬಿಟ್ಟು ಕೈ ಇಳಿಸಿದಳು. ಮುದುಕರು ಬೆರಳು ತೆಗೆದು ಅವಳಿಗೆ ಸೊಂಟ ಬಗ್ಗಿಸಿ ವಂದಿಸಿದರು.

"ಇಷ್ಟು ವರ್ಷದಲ್ಲಿ ಇಂಥ ಕಿವಿ ನೋಡಿಲ್ಲ ಅಂತಿದಾರೆ" ಎಂದರು ಆಂಟಿ.

ಅಮ್ಮ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. "ತಂಬೂರಿ ಮುಂದೆ ನಲವತ್ತು ವರ್ಷ ಕೂತಿದೀನಿ. ಸುಮ್ನೇನಾ?"

ಗಂಟೆಯ ತಗ್ಗಿನ ದನಿಯೇ ಕೊನೆಯವರೆಗೆ ಉಳಿಯುವುದು ಎಂದು ನನಗೆ ಗೊತ್ತಿರಬೇಕಿತ್ತು. ಅಮ್ಮನಿಗೆ ಕೇಳಿಸುವುದೂ ಅದೇ. ಅವಳಷ್ಟು ತಾಳ್ಮೆಯಿಂದ ಕೇಳುವವರು ಆ ಕೋಣೆಯಲ್ಲಿ ಇರಲಿಲ್ಲ. ಇನ್ನು ಮೇಲೆ ನಾನು ಏನು ಹೇಳಿದರೂ ಈ ಮುದುಕರ ಮಾತು ಅಡ್ಡ ಬರುತ್ತದೆ ಎಂದುಕೊಂಡೆ. ಆದರೂ ಅವಳ ಮುಖ ನೋಡಿ ಸಂತೋಷವಾಗುತ್ತಿತ್ತು. ಬಹಳ ದಿನಗಳಿಂದ ಅವಳು ಹಾಗೆ ನಕ್ಕಿರಲಿಲ್ಲ.

ಗಂಟೆ ಬಾರಿಸಿದವಳೆಂದು ಅಮ್ಮನನ್ನು ಪೂಜೆಯಲ್ಲಿ ಮುಂದಿನ ಸಾಲಿನಲ್ಲಿ, ಬುದ್ಧನ ಎದುರಿಗೇ ನಿಲ್ಲಿಸಿದರು. ಆಂಟಿ ಅವಳ ಎಡಕ್ಕೆ, ನಾನು ಹಿಂದಿನ ಸಾಲಿನಲ್ಲಿ. ಪ್ರತಿಯೊಬ್ಬರ ಮುಂದೆಯೂ ಮೊಣಕಾಲೂರಲು ಒಂದು ಹಳದಿ ದಿಂಬು. ಮಂತ್ರ ಹೇಳಿಸುವ ಹೆಂಗಸಿನ ಕೈಯಲ್ಲಿ ಕೋಲಿನ ತುದಿಗೆ ಕೂರಿಸಿದ, ಕಾಫಿ ಲೋಟದ ಬಾಯಷ್ಟಗಲದ ಒಂದು ಪುಟ್ಟ ಗಂಟೆ ಇತ್ತು. ಅವರು ಅದನ್ನು ತೆಳ್ಳನೆಯ ಕಡ್ಡಿಯಿಂದ ತಟ್ಟಿದರೆ ಎಲ್ಲರೂ ಮೊಣಕಾಲೂರಿ ಹಣೆ ತಾಗಿಸಬೇಕು. ಮತ್ತೆ ತಟ್ಟಿದರೆ ಏಳಬೇಕು. ಇದನ್ನು ಅಮ್ಮನಿಗೆ ಮೊದಲೇ ವಿವರಿಸಿದ್ದೆ.

ಮಂತ್ರ ನಿಂತಿತು. ಟಿಂಗ್.

ಎಲ್ಲರೂ ಬಗ್ಗಿದೆವು. ಹಣೆ ದಿಂಬಿಗೆ ತಾಗಿಸಿ ತಲೆ ಓರೆ ಮಾಡಿ ನೋಡಿದರೆ ಅಮ್ಮನ ಹಿಮ್ಮಡಿಗಳು ನೆಟ್ಟಗೆ ನಿಂತಿದ್ದವು. ಟಿಂಗ್. ಎದ್ದೆವು. ಟಿಂಗ್. ಮತ್ತೆ ಬಗ್ಗಿದೆವು. ಅಮ್ಮ ನಿಂತೇ ಇದ್ದಳು, ಕೈಮುಗಿದು, ಬುದ್ಧನನ್ನೇ ನೋಡುತ್ತ. ಅವಳ ಸೆರಗಿನ ತುದಿ ನನ್ನ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಎಳೆದರೆ ಸಾಕಿತ್ತು. ಎಳೆದರೆ ನಾನು ಕಂಡೆನೆಂದು ಅವಳಿಗೆ ಗೊತ್ತಾಗುತ್ತದೆ ಎಂದು ಯೋಚಿಸುತ್ತ ಕೈಯನ್ನು ದಿಂಬಿನ ಮೇಲೆಯೇ ಇಟ್ಟುಕೊಂಡೆ.

ಮೂರನೆಯ ಸಲ ಆಂಟಿಯೇ ಮೆಲ್ಲಗೆ ಅವಳ ಸೀರೆ ಜಗ್ಗಿದರು. ಅಮ್ಮ ಕೆಳಗೆ ನೋಡಿದಳು. ಆಮೇಲೆ ಹಿಂದಕ್ಕೆ ತಿರುಗಿದಳು. ಕೋಣೆ ತುಂಬ ಬಗ್ಗಿದ ಬೆನ್ನುಗಳು. ತಲೆ ಎತ್ತಿದ್ದವಳು ನಾನೊಬ್ಬಳೇ. ನಾನು ನೋಡುತ್ತಿದ್ದುದನ್ನು ಅವಳು ನೋಡಿದಳು. ಮಂಡಿನೋವಿದ್ದರೂ ಬೇಗ ಬೇಗ ಮೊಣಕಾಲೂರಿದಳು. ಅಲ್ಲಿಂದ ಪೂಜೆ ಮುಗಿಯುವವರೆಗೆ ಅವಳ ಕಣ್ಣು ಬುದ್ಧನ ಕಡೆ ಹೋಗಲಿಲ್ಲ, ಆಂಟಿಯ ಭುಜದ ಮೇಲೆಯೇ ಇತ್ತು.

ಊಟಕ್ಕೆ ಕುಳಿತಾಗ ಏನೂ ಆಗದವಳಂತೆ ಇದ್ದಳು. ತಟ್ಟೆಯಲ್ಲಿದ್ದ ತುಂಡೊಂದನ್ನು ಚಮಚದಿಂದ ಹೊರಳಿಸಿ, "ಇದು ಕೋಳಿ ಥರಾನೇ ಇದೆಯಲ್ಲೇ" ಎಂದಳು.

"ಸೋಯಾ ಅಮ್ಮ. ಇಲ್ಲಿ ಮೊಟ್ಟೆನೂ ಇಲ್ಲ, ಈರುಳ್ಳಿನೂ ಇಲ್ಲ."

"ನೀನು ಕೋಳಿ ತಿಂದಿರೋದ್ರಿಂದ ತಾನೇ ಇದು ಅದಲ್ಲ ಅಂತ ಗೊತ್ತಾಗೋದು ನಿಂಗೆ?"

ನಾನು ಅನ್ನ ಕಲಸಿದೆ. ಅವಳು ಅರ್ಧ ತಿಂದು ತಟ್ಟೆ ಸರಿಸಿ, ಎದ್ದು ಪೂಜೆಯ ಕೋಣೆಗೆ ಹೋದಳು. ನಾನು ಹಿಂದೆಯೇ ಹೋದೆ. ಅಲ್ಲಿ ಮುದುಕರೊಬ್ಬರೇ ದಿಂಬುಗಳನ್ನು ಜೋಡಿಸುತ್ತಿದ್ದರು. ಅಮ್ಮ ಪುಟ್ಟ ಗಂಟೆಯನ್ನು ಬೆರಳಿಂದ ತೋರಿಸಿ ಕೈ ಚಾಚಿದಳು. ಅವರು ಕೊಟ್ಟರು.

ಮೊದಲು ಕಿವಿಯ ಪಕ್ಕದಲ್ಲೇ ಹಿಡಿದು ತಟ್ಟಿದಳು. ಕೇಳಿಸಿತೆಂಬಂತೆ ತಲೆಯಾಡಿಸಿದಳು. ಆಮೇಲೆ ಕೈಯನ್ನು ಪೂರ್ತಿ ಚಾಚಿ ತಟ್ಟಿದಳು. ಇನ್ನೊಮ್ಮೆ. ಇನ್ನೊಂದು ಕಿವಿಯ ಕಡೆ ಹಿಡಿದು ತಟ್ಟಿದಳು. ನಂತರ ಗಂಟೆಯನ್ನು ನನ್ನ ಕೈಗೆ ಕೊಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತಳು.

"ಹಿಂದೆ ಹೋಗಿ ಹೊಡಿ."

ನಾಲ್ಕು ಹೆಜ್ಜೆ ಹಿಂದೆ ಹೋಗಿ ತಟ್ಟಿದೆ. ಸದ್ದು ಕೋಣೆಯ ಮೂಲೆಮೂಲೆಗೂ ಹೋಯಿತು. ಮುದುಕರು ತಿರುಗಿ ನೋಡಿದರು.

"ಹೊಡೆದ್ಯಾ?" ಎಂದಳು ಅಮ್ಮ, ಗೋಡೆ ನೋಡುತ್ತಲೇ.

ಆಗ ಸುಳ್ಳು ಹೇಳುವುದು ಬಹಳ ಸುಲಭವಾಗಿತ್ತು. ಇಲ್ಲ ಎಂದರೆ ಮುಗಿಯುತ್ತಿತ್ತು.

"ಹೊಡೆದೆ ಅಮ್ಮ" ಎಂದೆ. ಅವಳಿಗೆ ಕೇಳಿಸಲೆಂದು ಮತ್ತೊಮ್ಮೆ, ಗಟ್ಟಿಯಾಗಿ. "ಹೊಡೆದೆ."

ಅವಳು ನಮ್ಮ ಕಡೆ ತಿರುಗಿದಳು. ಮುದುಕರು ಬಂದು ನನ್ನ ಕೈಯಿಂದ ಗಂಟೆ ತೆಗೆದುಕೊಂಡು, ತಮ್ಮ ಕಿವಿಯ ಹಿಂದೆ ಸಿಕ್ಕಿಸಿದ್ದ ಕಂದು ಬಣ್ಣದ ಚಿಕ್ಕ ಯಂತ್ರವನ್ನು ಅಮ್ಮನಿಗೆ ತೋರಿಸಿದರು. ನಾವಿಬ್ಬರೂ ಅದನ್ನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಅವರು ಅದನ್ನು ತೆಗೆದು, ಕೈ ಅಲ್ಲಾಡಿಸಿ ಏನೂ ಇಲ್ಲವೆಂದು ಸನ್ನೆ ಮಾಡಿದರು; ಮತ್ತೆ ಸಿಕ್ಕಿಸಿಕೊಂಡು ಹೆಬ್ಬೆರಳೆತ್ತಿದರು. ಅಮ್ಮ ನಗಲು ನೋಡಿದಳು, ಆಗಲಿಲ್ಲ. ಕೈಮುಗಿದಳು.

ಹೊರಗೆ ಬಂದ ಮೇಲೆ ಕಾರಿನ ಕೀಲಿ ನನಗೆ ಕೊಟ್ಟಳು. ಹೈವೇಯಲ್ಲಿ ಸಿಸೆರೊ ಎಕ್ಸಿಟ್ ದಾಟಿದ ಮೇಲೆ ಕೇಳಿದಳು.

"ಯಾವಾಗಿಂದ ಗೊತ್ತು ನಿಂಗೆ?"

"ಹೋದ ವರ್ಷ. ದೀಪಾವಳಿಗೆ ಬಂದಾಗ."

"ಆಫೀಸಲ್ಲಿ ಯಾರ್ಯಾರದೋ ಕಾರಿನ ಸದ್ದು ಅಳೀತೀಯ. ಸಂಬಳ ಕೊಟ್ರೆ ಮಾತ್ರ ಹೇಳ್ತೀಯೇನು?"

ನಾನು ಲೇನ್ ಬದಲಿಸಿ ಇಂಡಿಕೇಟರ್ ಆರಿಸಿದೆ.

"ನಿಮ್ಮಪ್ಪ ಸರಿ, ಅವರಿಗೆ ಏನೂ ಗೊತ್ತಾಗಲ್ಲ. ನೀನು ಮೆಟ್ಟಿಲ ಮೇಲೆ ಕೂತು ಕೇಳಿದ್ಯಲ್ಲೇ ನಿನ್ನೆ. ಆ ಹುಡುಗಿ ಸಾಹಿತ್ಯ ನುಂಗಿದ್ಲಾ, ಇಲ್ವಾ?"

"ಇಲ್ಲಮ್ಮ. ಸರಿಯಾಗೇ ಹಾಡಿದ್ಲು."

"ಒಂದಕ್ಷರನೂ?"

"ಒಂದೂ ನುಂಗಲಿಲ್ಲ."

ಅಮ್ಮ ಕಿಟಕಿಯ ಕಡೆ ತಿರುಗಿದಳು. "ಎಷ್ಟು ಬೈದಿದೀನಿ ಆ ಮಗೂಗೆ. ಎಬ್ಬಿಸಿ ನಿಲ್ಲಿಸಿದೀನಿ" ಎಂದಳು. ತನ್ನ ಕಿವಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ಇನ್ನು ಕ್ಲಾಸ್ ನಿಲ್ಲಿಸ್ಬೇಕು" ಎಂದಳು.

"ನಿಲ್ಲಿಸೋದು ಬೇಡ. ಟೆಸ್ಟ್ ಮಾಡ್ಸೋಣ. ಸಣ್ಣ ಸದ್ದು ಮಾತ್ರ ಹೋಗಿರೋದು. ಅದಕ್ಕೆ ಮಷೀನ್ ಇದೆ. ಮಕ್ಕಳ ಮಾತು ಸ್ಪಷ್ಟ ಆಗುತ್ತೆ."

"ತಂಬೂರಿ ಶ್ರುತಿ ಕೆಡುತ್ತೆ ಅದರಲ್ಲಿ. ಯಾರೋ ಹೇಳಿದ್ರು."

"ಮೊದಮೊದಲು ಬೇರೆ ಥರ ಕೇಳಿಸಬಹುದು. ಸಂಗೀತಕ್ಕೆ ಬೇರೆ ಸೆಟ್ಟಿಂಗ್ ಇಟ್ಟು ಕೊಡ್ತಾರೆ. ನಾನು ಜೊತೆಗೆ ಬರ್ತೀನಿ, ಕೂತು ಸರಿಮಾಡಿಸ್ತೀನಿ. ಅದು ನಂಗೆ ಬರುತ್ತೆ ಅಮ್ಮ."

"ನಿಂಗೆ ಬರುತ್ತೆ" ಎಂದಳು. ಕೋಪವೋ ಒಪ್ಪಿಗೆಯೋ ತಿಳಿಯಲಿಲ್ಲ. ಮನೆ ಮುಟ್ಟಿದ ಮೇಲೆ ಸೀರೆಯನ್ನೂ ಬದಲಿಸದೆ ಗ್ಲೆಂಡೇಲ್ ಹೈಟ್ಸ್‌ಗೆ ಫೋನ್ ಮಾಡಿದಳು. ಡಾಕ್ಟರ್ ಆಂಟಿಯ ಹತ್ತಿರ ಮಾತಾಡಲಿಲ್ಲ, ಮಗಳಿಗೆ ಕೊಡಿ ಎಂದಳು. "ತಪ್ಪು ನಿಂದಲ್ಲ ಪುಟ್ಟಿ. ನನ್ನ ಕಿವೀದು. ಮುಂದಿನ ಶನಿವಾರ ಬರ್ತೀಯಾ?" ಹುಡುಗಿ ಏನೆಂದಳೋ ನನಗೆ ತಿಳಿಯದು. ಅಮ್ಮನಿಗೂ ತಿಳಿಯಲಿಲ್ಲವೆಂದು ಕಾಣುತ್ತದೆ. ಫೋನಿಟ್ಟ ಮೇಲೆ, "ಬರ್ತೀನಿ ಅಂದ್ಲು ಅನ್ಸುತ್ತೆ" ಎಂದಳು.

ಮರುದಿನ ಬೆಳಿಗ್ಗೆ ಏಳಕ್ಕೆ ಎದ್ದು ನೋವೈನ ನನ್ನ ಮೇಲಧಿಕಾರಿಗೆ ಬರೆದೆ: ತಾಯಿಯ ಶ್ರವಣ ಪರೀಕ್ಷೆ ಮಾಡಿಸಬೇಕಿದೆ, ಈ ವಾರ ನೇಪರ್‌ವಿಲ್‌ನಿಂದಲೇ ಕೆಲಸ ಮಾಡುತ್ತೇನೆ. ನಾಲ್ಕು ವರ್ಷದಲ್ಲಿ ನನ್ನ ಮನೆಯ ವಿಷಯವನ್ನು ಆಫೀಸಿಗೆ ತಿಳಿಸಿದ್ದು ಅದೇ ಮೊದಲು. ಎಂಟಕ್ಕೆ ಕ್ಲಿನಿಕ್ ತೆರೆಯಿತು. ಅಮ್ಮ ಅಡುಗೆಮನೆಯ ಮೇಜಿನ ಬಳಿ ಕಾಫಿ ಹಿಡಿದು ಕುಳಿತಿದ್ದಳು. ಫೋನನ್ನು ಸ್ಪೀಕರಿಗೆ ಹಾಕಿ ಅವಳ ಮುಂದಿಟ್ಟೆ. ಅತ್ತಲಿಂದ ಒಬ್ಬ ಹೆಂಗಸು, ಏನು ತೊಂದರೆ, ಎಷ್ಟು ದಿನದಿಂದ ಎಂದು ಕೇಳಿದರು. ಅಮ್ಮ ಫೋನನ್ನು ನನ್ನ ಕಡೆ ತಳ್ಳಿದಳು. "ನಿಂಗೆ ತಾನೇ ಗೊತ್ತಿರೋದು. ಹೇಳು."

ಒಂದು ವರ್ಷದಿಂದ ನಾನು ಗಮನಿಸಿದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿ, ಅಮ್ಮನ ಕಡೆ ಮುಖ ಮಾಡಿ, ಅದನ್ನೇ ಅವಳಿಗೆ ಕೇಳಿಸುವಷ್ಟು ಜೋರಾಗಿ ಕನ್ನಡದಲ್ಲಿ ಹೇಳಿ, ನಂತರ ಮುಂದಿನದಕ್ಕೆ ಹೋದೆ.